ಮನುಷ್ಯನನ್ನು ತೆಗೆದ ಮೇಲೆ ಉಳಿಯುವ ಬಯಲು: ನನ್ನ ಅನುಭವ

ನಿಸರ್ಗ ಚಿತ್ರದಲ್ಲಿ ಸಾವನ್ನು ತರಬೇಕು ಅಂದರೆ ಹೆಚ್ಚಿನವರ ಕೈ ಮೊದಲು ಹೋಗುವುದು ಒಣಮರದ ಕಡೆಗೆ. ಆಮೇಲೆ ಸಮಾಧಿ ಕಲ್ಲು, ಕಾಗೆ, ಪಾಳುಗೋಡೆ, ಮುಳುಗುವ ಸೂರ್ಯ. ಇವುಗಳಲ್ಲಿ ತಪ್ಪೇನೂ ಇಲ್ಲ. ದೊಡ್ಡ ದೊಡ್ಡ ಕಲಾವಿದರೇ ಇವನ್ನೆಲ್ಲ ಬರೆದಿದ್ದಾರೆ. ಆದರೂ ನಾನು ಇವುಗಳಿಂದ ದೂರ ಇರುತ್ತೇನೆ. ಒಣಮರ ಕಂಡ ಕೂಡಲೇ ನೋಡುವವರಿಗೆ ‘ಓ, ಇದು ಸಾವು’ ಅಂತ ಗೊತ್ತಾಗಿಬಿಡುತ್ತದೆ. ಗೊತ್ತಾದ ಮೇಲೆ ಅವರು ಪಕ್ಕದ ಚಿತ್ರಕ್ಕೆ ಹೋಗುತ್ತಾರೆ. ಸಾವು ಹಾಗೆ ಒಂದು ಸಲ ಗೊತ್ತಾಗಿ ಮುಗಿಯುವ ವಿಷಯ ಅಲ್ಲವೇ ಅಲ್ಲ.

ನಾನು ಎಣ್ಣೆಬಣ್ಣದಲ್ಲಿ ಕೆಲಸ ಮಾಡುವವನು. ಜಾಸ್ತಿ ಬರೆಯುವುದು ಬಯಲು, ಗುಡ್ಡ, ನೀರು. ಕೆಲವು ವರ್ಷಗಳಿಂದ ಒಂದೇ ವಿಷಯ ನನ್ನನ್ನು ಹಿಡಿದುಕೊಂಡಿದೆ. ಒಬ್ಬರು ದಿನವೂ ಕೂರುತ್ತಿದ್ದ ಜಾಗ, ಓಡಾಡುತ್ತಿದ್ದ ಜಾಗ, ಅವರು ಹೋದ ಮೇಲೆ ಹೇಗೆ ಕಾಣುತ್ತದೆ? ಅದೇ ಹುಲ್ಲು, ಅದೇ ಬೆಳಕು. ಆದರೂ ಅದು ಅದೇ ಜಾಗ ಅಲ್ಲ. ಇದನ್ನು ಬಣ್ಣದಲ್ಲಿ ತರುವುದು ಹೇಗೆ?

ನಾನು ಕಂಡುಕೊಂಡ ದಾರಿ ಹೀಗಿದೆ. ಮೊದಲು ಮನುಷ್ಯನನ್ನು ಸೇರಿಸಿಯೇ ಚಿತ್ರ ಬರೆಯುತ್ತೇನೆ. ಸುಮ್ನೆ ಗುರುತಿಗೆ ಅಂತ ಅಲ್ಲ, ಪೂರ್ತಿಯಾಗಿ. ಕೂತ ಭಂಗಿ, ಬೆನ್ನಿನ ಮೇಲೆ ಬೀಳುವ ಬೆಳಕು, ಬಟ್ಟೆಯ ಬಣ್ಣ ಎಲ್ಲ ಇರುತ್ತದೆ. ಸುತ್ತಲಿನ ನೆಲ, ಆಕಾಶ ಎಲ್ಲವನ್ನೂ ಆ ಒಬ್ಬ ಮನುಷ್ಯನಿಗೆ ಹೊಂದುವಂತೆ ಜೋಡಿಸುತ್ತೇನೆ. ಆಮೇಲೆ ಆ ಮನುಷ್ಯನನ್ನು ಕೆರೆದು ತೆಗೆಯುತ್ತೇನೆ.

ಮೊದಲಿನಿಂದಲೇ ಖಾಲಿ ಬಯಲು ಬರೆದರೆ ಆಗದೇ ಅಂತ ಕೇಳುವವರಿದ್ದಾರೆ. ಆಗುವುದಿಲ್ಲ. ಖಾಲಿ ಬಯಲು ಬರೆಯಲು ಕೂತರೆ ಕಂಪೋಸಿಷನ್, ಅಂದರೆ ಚಿತ್ರದ ಜೋಡಣೆ, ತಾನೇ ತನ್ನ ಖಾಲಿ ತುಂಬಿಕೊಳ್ಳುತ್ತದೆ. ಒಂದು ಪೊದೆ ಮುಂದೆ ಬರುತ್ತದೆ, ಗುಡ್ಡ ನಡುವಿಗೆ ಸರಿಯುತ್ತದೆ, ಕಣ್ಣಿಗೆ ನಿಲ್ಲಲು ಒಂದು ಜಾಗ ಸಿಕ್ಕಿಬಿಡುತ್ತದೆ. ಮನುಷ್ಯ ಇದ್ದಾಗ ಹಾಗಲ್ಲ. ಗುಡ್ಡದ ಇಳಿಜಾರು ಅವನ ಕಡೆಗೆ ಇಳಿಯುತ್ತದೆ. ಕಾಲುದಾರಿ ಅವನ ಹತ್ತಿರ ಬಂದು ನಿಲ್ಲುತ್ತದೆ. ಮರ ಒಂದಿಷ್ಟು ಪಕ್ಕಕ್ಕೆ ನಿಲ್ಲುತ್ತದೆ. ಎಲ್ಲವೂ ಅವನಿಗೆ ಜಾಗ ಬಿಟ್ಟುಕೊಟ್ಟಿರುತ್ತವೆ. ಆಮೇಲೆ ಅವನನ್ನು ತೆಗೆದರೂ ಆ ಬಿಟ್ಟ ಜಾಗ ಹಾಗೇ ಇರುತ್ತದೆ. ನನಗೆ ಬೇಕಾದದ್ದು ಆ ಜಾಗ.

ತೆಗೆಯುವ ವಿಷಯದಲ್ಲಿ ನಾನು ಜಾಸ್ತಿ ಕಲಿತದ್ದು ಜರ್ಮನಿಯ ಕಾಸ್ಪರ್ ಡೇವಿಡ್ ಫ್ರೀಡ್ರಿಖ್‌ನಿಂದ. 1808ರಿಂದ 1810ರವರೆಗೆ ಅವನು ಬರೆದ ‘ಸಮುದ್ರದ ಬಳಿ ಸನ್ಯಾಸಿ’ ಚಿತ್ರ ಈಗ ಬರ್ಲಿನ್‌ನಲ್ಲಿದೆ. ಅಗಲ 171 ಸೆಂಟಿಮೀಟರಿಗಿಂತ ಸ್ವಲ್ಪ ಜಾಸ್ತಿ, ಎತ್ತರ 110. ಕೆಳಗೆ ಬಿಳಿಚಿಕೊಂಡ ಮರಳಿನ ಪಟ್ಟಿ, ಅದರ ಮೇಲೆ ಕಪ್ಪಾದ ಸಮುದ್ರದ ತೆಳು ಪಟ್ಟಿ, ಉಳಿದ ಮುಕ್ಕಾಲಿಗೂ ಹೆಚ್ಚು ಭಾಗ ಆಕಾಶ. ಮರಳಿನ ಮೇಲೆ ಬೆರಳುದ್ದದ ಒಬ್ಬ ಸನ್ಯಾಸಿ. ಅಷ್ಟೇ. ಅಡಿಯಲ್ಲಿ ಹಡಗುಗಳಿದ್ದದ್ದು ಇನ್‌ಫ್ರಾರೆಡ್ ಪರೀಕ್ಷೆಯಲ್ಲಿ ಕಂಡಿದೆ. ಮೊದಲು ಬರೆದಿದ್ದ ಹಡಗುಗಳನ್ನು ಆಮೇಲೆ ಅವನೇ ಅಳಿಸಿದ್ದಾನೆ.

ಆ ಹಡಗುಗಳು ಇದ್ದಿದ್ದರೆ ಏನಾಗುತ್ತಿತ್ತು ಅಂತ ನೋಡಲು ಆ ಚಿತ್ರದ ಚಿಕ್ಕ ನಕಲುಗಳನ್ನು ಬರೀ ಬೂದು ಬಣ್ಣಗಳಲ್ಲಿ ಮಾಡಿದೆ. ಒಂದರಲ್ಲಿ ಹಡಗು ಇಟ್ಟೆ, ಇನ್ನೊಂದರಲ್ಲಿ ಇಡಲಿಲ್ಲ. ಹಡಗು ಇಟ್ಟ ಕೂಡಲೇ ಸನ್ಯಾಸಿಗೆ ಒಂದು ಕತೆ ಬಂದುಬಿಟ್ಟಿತು. ಅವನು ಯಾರನ್ನೋ ಕಾಯುತ್ತಿದ್ದಾನೆ, ಅಥವಾ ಯಾರನ್ನೋ ಕಳಿಸಿಕೊಟ್ಟಿದ್ದಾನೆ. ಹಡಗು ತೆಗೆದರೆ ಕಾಯಲು ಏನೂ ಇಲ್ಲ. ನಿಂತಿರುವುದೊಂದೇ ಅವನ ಕೆಲಸ. ಇನ್ನೊಂದು ವಿಷಯ ನಕಲು ಮಾಡುವಾಗಲೇ ಕೈಗೆ ಸಿಕ್ಕಿತು. ಆ ಕಾಲದ ನಿಸರ್ಗ ಚಿತ್ರಗಳಲ್ಲಿ ಎಡಕ್ಕೋ ಬಲಕ್ಕೋ ಒಂದು ಮರ ಅಥವಾ ಬಂಡೆ ಇಟ್ಟು ನೋಟವನ್ನು ಒಳಗೆ ಹಿಡಿದಿಡುವ ರೂಢಿ ಇತ್ತು. ಇಲ್ಲಿ ಎರಡೂ ಕಡೆ ಏನೂ ಇಲ್ಲ. ಚಿತ್ರದಲ್ಲಿ ನೆಟ್ಟಗೆ ನಿಂತಿರುವುದು ಆ ಮನುಷ್ಯ ಒಬ್ಬನೇ, ಮಿಕ್ಕಿದ್ದೆಲ್ಲ ಅಡ್ಡಕ್ಕೆ ಹರಡಿದೆ. 1810ರಲ್ಲಿ ಈ ಚಿತ್ರ ನೋಡಿದ ಲೇಖಕ ಹೈನ್ರಿಖ್ ಫಾನ್ ಕ್ಲೈಸ್ಟ್, ಕಣ್ಣಿನ ರೆಪ್ಪೆಗಳನ್ನೇ ಕತ್ತರಿಸಿ ತೆಗೆದಂತೆ ಆಗುತ್ತದೆ ಅಂತ ಬರೆದ. ನಕಲು ಮಾಡಿದ ಮೇಲೆ ಆ ಮಾತು ನನಗೆ ಅತಿಯಾದದ್ದು ಅನ್ನಿಸಲಿಲ್ಲ.

ಫ್ರೀಡ್ರಿಖ್‌ನ ಬದುಕಿನಲ್ಲಿ ಸಾವು ಬೇಗ ಬಂತು. ಏಳು ವರ್ಷ ತುಂಬುವ ಮೊದಲೇ ತಾಯಿ ಹೋದಳು. 1787ರಲ್ಲಿ, ಅವನಿಗೆ ಹದಿಮೂರು ವರ್ಷ ಇದ್ದಾಗ, ಅವನ ಕಣ್ಣೆದುರೇ ಅವನ ತಮ್ಮ ನೀರಿನಲ್ಲಿ ಮುಳುಗಿ ಸತ್ತ, ಮಂಜುಗಡ್ಡೆಯ ಕೆಳಗೆ ಸಿಕ್ಕಿ ಅಂತ ಹೇಳುತ್ತಾರೆ. ಹಾಗಂತ ಅವನ ಪ್ರತಿ ಚಿತ್ರವನ್ನೂ ಆ ಒಂದು ದಿನಕ್ಕೆ ಕಟ್ಟಿಹಾಕುವುದು ನನಗೆ ಸರಿಯೆನಿಸುವುದಿಲ್ಲ. ಆದರೆ 1823–24ರಲ್ಲಿ ಬರೆದ ‘ಹಿಮದ ಸಮುದ್ರ’ದ ಮುಂದೆ ಆ ನೆನಪನ್ನು ತಡೆಯುವುದೂ ಕಷ್ಟ. ಮಂಜುಗಡ್ಡೆಯ ಚಪ್ಪಡಿಗಳು ಒಂದರ ಮೇಲೊಂದು ಏರಿ ನಿಂತಿವೆ. ಬಲಗಡೆ ಒಡೆದ ಹಡಗಿನ ಹಿಂಭಾಗ ಒಂದಿಷ್ಟು ಕಾಣುತ್ತದೆ. ಮನುಷ್ಯರೇ ಇಲ್ಲ. ಅವನು 1840ರಲ್ಲಿ ಸಾಯುವವರೆಗೂ ಅದನ್ನು ಯಾರೂ ಕೊಳ್ಳಲಿಲ್ಲ.

ಈಗ ಅಮ್ಮನ ವಿಷಯ ಹೇಳಬೇಕು. ಅಮ್ಮ ಹಾಸಿಗೆ ಹಿಡಿದಿದ್ದಾಗ ಅವಳ ಮಂಚ ಕಿಟಕಿಯ ಪಕ್ಕ ಇತ್ತು. ಕಿಟಕಿಯಾಚೆ ಬಯಲು, ಒಂದು ಬೇಲಿ, ಬೇಲಿಯ ಪಕ್ಕ ಒಂದು ಮರ, ದೂರಕ್ಕೆ ಉದ್ದನೆಯ ಗುಡ್ಡ. ನಾನು ಪಕ್ಕದಲ್ಲಿ ಸ್ಕೆಚ್‌ಬುಕ್ ಹಿಡಿದು ಕೂರುತ್ತಿದ್ದೆ. ಅಮ್ಮನ ಮುಖ ಬರೆಯುವ ಮನಸ್ಸು ಬರಲಿಲ್ಲ. ಅವಳು ನೋಡುತ್ತಿದ್ದುದನ್ನು ಬರೆಯಬೇಕು ಅನ್ನಿಸಿತು. ಅದಕ್ಕೇ ಆ ಗುಡ್ಡವನ್ನು ಮತ್ತೆ ಮತ್ತೆ ಬರೆದೆ. ಬೆಳಗ್ಗೆ, ಮಧ್ಯಾಹ್ನದ ಬಿಸಿಲಲ್ಲಿ, ಮೋಡ ಕವಿದಾಗ. ಪೆನ್ಸಿಲ್, ಕೆಲವು ಸಲ ತೆಳುವಾದ ಜಲವರ್ಣ. ಹಾಳೆ ತಿರುಗಿಸಿ ಅವಳಿಗೆ ತೋರಿಸುತ್ತಿದ್ದೆ.

ಒಂದು ದಿನ ಅಮ್ಮ ಕೇಳಿದಳು, “ಮರ ಬಿಟ್ಟೆಯಲ್ಲೋ?”

“ಅದು ಗುಡ್ಡಕ್ಕೆ ಅಡ್ಡ ಬರುತ್ತಮ್ಮ,” ಅಂದೆ.

“ಅಡ್ಡ ಬಂದ್ರೇನಾಯ್ತು, ಅದು ಅಲ್ಲೇ ಇದೆಯಲ್ಲ. ನೀನು ಬಿಟ್ರೆ ಹೋಗುತ್ತಾ?”

ಆ ಮಾತು ನನ್ನ ಕೆಲಸಕ್ಕೆ ಒಂದು ನಿಯಮ ಆಯಿತು. ಇರುವುದನ್ನು ನನ್ನ ಅನುಕೂಲಕ್ಕೆ ತೆಗೆಯುವುದಿಲ್ಲ. ಮರ ಇದ್ದರೆ ಮರ, ಕಂಬ ಇದ್ದರೆ ಕಂಬ. ತೆಗೆಯುವುದು ಹೋದವರನ್ನು ಮಾತ್ರ.

ಸ್ವಿಟ್ಜರ್ಲೆಂಡಿನ ಫರ್ಡಿನಾಂಡ್ ಹೋಡ್ಲರ್‌ನ ಕೆಲಸದ ಹತ್ತಿರ ನಾನು ಸರಿದದ್ದೂ ಆಗಲೇ. ಚಿಕ್ಕಂದಿನಲ್ಲೇ ಅವನ ತಂದೆ, ತಾಯಿ, ತಮ್ಮಂದಿರನ್ನು ಕ್ಷಯ ಕಿತ್ತುಕೊಂಡಿತ್ತು. ಮುಂದೆ ಅವನ ಸಂಗಾತಿ ವ್ಯಾಲೆಂಟೀನ್ ಗೋಡೆ-ದಾರೆಲ್ ಕ್ಯಾನ್ಸರ್‌ನಿಂದ ಮಲಗಿದಾಗ ಅವನು ಪಕ್ಕದಲ್ಲೇ ಕೂತು ಅವಳನ್ನು ಬರೆಯುತ್ತ ಹೋದ. ಮೊದಲ ಚಿತ್ರಗಳಲ್ಲಿ ಅವಳು ದಿಂಬಿಗೆ ಒರಗಿ ಕೂತಿದ್ದಾಳೆ. ಬರಬರುತ್ತ ದೇಹ ವಾಲುತ್ತದೆ, ಕುಸಿಯುತ್ತದೆ, ಕೊನೆಗೆ ಪೂರ್ತಿ ಅಡ್ಡಗೆರೆಯಾಗುತ್ತದೆ. ಅವಳು ತೀರಿಕೊಂಡದ್ದು 1915ರ ಜನವರಿ 25ರಂದು. ಅದೇ ಕಾಲದಲ್ಲಿ ಹೋಡ್ಲರ್ ಜಿನೀವಾ ಸರೋವರದ ಸೂರ್ಯಾಸ್ತವನ್ನೂ ಬರೆದ. ನೀರು, ಆಚೆ ದಡ, ಆಕಾಶ. ಎಲ್ಲ ಅಡ್ಡಗೆರೆಗಳು. ಆ ಸರೋವರದ ಚಿತ್ರದಲ್ಲಿ ಸಾವಿನ ಗುರುತು ಒಂದೂ ಇಲ್ಲ. ಹಾಸಿಗೆಯ ಚಿತ್ರಗಳನ್ನು ಪಕ್ಕದಲ್ಲಿಟ್ಟು ನೋಡಿದರೆ ಮಾತ್ರ ಆ ದಡದ ಗೆರೆ ಎಲ್ಲಿಂದ ಬಂತು ಅಂತ ತಿಳಿಯುತ್ತದೆ.

ಅದಾಗಿ ಮೂರು ವರ್ಷಕ್ಕೆ ಅವನೇ ಕಾಯಿಲೆ ಬಿದ್ದ. ಮನೆಯಿಂದ ಹೊರಗೆ ಹೋಗಲಾಗದೆ ಕಿಟಕಿಯಿಂದ ಕಾಣುವ ಸರೋವರ ಮತ್ತು ಮೋಂಬ್ಲಾಂ ಬೆಟ್ಟವನ್ನು ಬೆಳಗಿನ ಬೆಳಕಿನಲ್ಲಿ ಬರೆಯುತ್ತ ಹೋದ. 1918ರ ಮೇ 19ರಂದು ತೀರಿಕೊಂಡ. ಆ ಕೊನೆಯ ಚಿತ್ರಗಳಲ್ಲಿ ವಿವರಗಳೆಲ್ಲ ಹೋಗಿ ಪಟ್ಟಿಗಳು ಉಳಿದಿವೆ. ಹಳದಿ, ಕೆಂಪು, ನೀಲಿ. ಬಣ್ಣಗಳು ಮಾತ್ರ ಬಹಳ ತಾಜಾ. ಸಾಯುತ್ತಿರುವವನು ಬರೆದದ್ದು ಇಷ್ಟು ಬೆಳಕಾಗಿ ಇರಬಹುದು ಅಂತ ಗೊತ್ತಾದದ್ದು ನನಗೆ ದೊಡ್ಡ ಧೈರ್ಯ ಕೊಟ್ಟಿತು. ಅಲ್ಲಿಯವರೆಗೆ ಸಾವಿನ ಚಿತ್ರ ಅಂದರೆ ಗಾಢ ಬಣ್ಣ ಅನ್ನುವ ಅಭಿಪ್ರಾಯ ನನ್ನ ಸುತ್ತಲಿನವರಲ್ಲೆಲ್ಲ ಇತ್ತು.

ಅಮ್ಮ ಹೋದ ಮೇಲೆ ಸ್ವಲ್ಪ ಕಾಲ ಬಿಟ್ಟು ದೊಡ್ಡ ಕ್ಯಾನ್ವಾಸ್ ಕಟ್ಟಿದೆ. ಕಿಟಕಿಯಾಚೆಯ ಅದೇ ಬಯಲು. ಆರೋಗ್ಯ ಇದ್ದಾಗ ಅಮ್ಮ ಸಂಜೆ ಹೊತ್ತು ಬೇಲಿ ಪಕ್ಕದ ಮರದ ಬುಡದಲ್ಲಿ ಕೂರುತ್ತಿದ್ದಳು. ನಮಗೆ ಬೆನ್ನು ಹಾಕಿ, ಗುಡ್ಡದ ಕಡೆ ಮುಖ ಮಾಡಿ. ಹಾಗೆಯೇ ಅವಳನ್ನು ಬರೆದೆ, ಚಿಕ್ಕದಾಗಿ.

ಕೆಲಸದ ವಿವರ ಇಲ್ಲಿಂದ ಹೇಳುತ್ತೇನೆ. ಇದೇ ದಾರಿ ಹಿಡಿಯುವವರಿಗೆ ಬೇಕಾಗಬಹುದು.

ಮೊದಲು ದಿಗಂತ. ಇದು ಎಲ್ಲಕ್ಕಿಂತ ದೊಡ್ಡ ತೀರ್ಮಾನ. ಎಷ್ಟು ಸಮಯ ಕೊಟ್ಟರೂ ಜಾಸ್ತಿ ಆಗುವುದಿಲ್ಲ. ದಿಗಂತ ಕೆಳಗಿದ್ದರೆ ಆಕಾಶ ದೊಡ್ಡದಾಗುತ್ತದೆ, ಮನುಷ್ಯ ಅದರ ಎದುರು ಒಬ್ಬನೇ ನಿಲ್ಲುತ್ತಾನೆ. ಒಂಟಿಯಾಗಿ ನಿಲ್ಲುವುದನ್ನು ಬರೆಯಬೇಕಾದಾಗ ನಾನು ಹಾಗೇ ಇಡುತ್ತೇನೆ. ದಿಗಂತ ಮೇಲಿದ್ದರೆ ನೆಲ ದೊಡ್ಡದಾಗುತ್ತದೆ. ನೋಡುವವನ ಕಣ್ಣು ಮಣ್ಣಿನಲ್ಲೇ ಓಡಾಡಬೇಕಾಗುತ್ತದೆ, ಮೇಲೆ ಹೋಗಿ ತಪ್ಪಿಸಿಕೊಳ್ಳಲು ಜಾಗ ಕಡಿಮೆ. ಸಾವಿನ ಚಿತ್ರಗಳಲ್ಲಿ ನಾನು ದಿಗಂತವನ್ನು ಮೇಲಕ್ಕೆ ಒಯ್ಯುತ್ತೇನೆ. ಅಮ್ಮನ ಚಿತ್ರದಲ್ಲಿ ನಾಲ್ಕರಲ್ಲಿ ಮೂರು ಪಾಲು ನೆಲವೇ. ಗುಡ್ಡ ಮೇಲಿನ ಅಂಚಿನ ಹತ್ತಿರ ಒಂದು ಪಟ್ಟಿ.

ವ್ಯಾನ್ ಗೋನ ಕೊನೆಯ ಚಿತ್ರ ಇರಬೇಕು ಅಂತ ಈಗ ನಂಬಲಾಗಿರುವ ‘ಮರದ ಬೇರುಗಳು’ ನೋಡಿ. ಅದರಲ್ಲಿ ದಿಗಂತವೇ ಇಲ್ಲ. ಬೇರು, ಮಣ್ಣು, ಎಲೆ, ಅಷ್ಟೇ. ಕಾಗೆಗಳಿರುವ ಗೋಧಿ ಹೊಲದ ಚಿತ್ರವೇ ಅವನ ಕೊನೆಯದು ಅನ್ನುವ ಮಾತು ಬಹಳ ಹರಡಿದೆ. ಅದು ನಿಜ ಅಲ್ಲ. 1890ರ ಜುಲೈನಲ್ಲಿ, ಸಾಯುವುದಕ್ಕೆ ಕೆಲವೇ ವಾರ ಮೊದಲು, ಆ ಹೊಲದ ಚಿತ್ರಗಳ ಬಗ್ಗೆ ಅವನು ಕಾಗದ ಬರೆದಿದ್ದ. ದುಃಖವನ್ನೂ ವಿಪರೀತವಾದ ಒಂಟಿತನವನ್ನೂ ತೋರಿಸಲು ನೋಡಿದ್ದೇನೆ ಅಂತ ಅದರಲ್ಲಿದೆ. ಈ ಸಾಲನ್ನು ಎಲ್ಲರೂ ಹೇಳುತ್ತಾರೆ. ಅದರ ಮುಂದಿನ ಮಾತನ್ನು ಹೇಳುವವರು ಕಡಿಮೆ. ಹಳ್ಳಿಗಾಡಿನಲ್ಲಿ ತನಗೆ ಕಾಣುವ ಆರೋಗ್ಯವನ್ನೂ ಬಲ ಕೊಡುವ ಗುಣವನ್ನೂ ಈ ಚಿತ್ರಗಳು ಹೇಳುತ್ತವೆ ಅಂತಲೂ ಅವನು ಅದೇ ಕಾಗದದಲ್ಲಿ ಬರೆದಿದ್ದಾನೆ. ಎರಡೂ ಒಂದೇ ಹೊಲದಲ್ಲಿ. ಬಯಲಲ್ಲಿ ಒಬ್ಬರೇ ಕೂತು ಕೆಲಸ ಮಾಡಿದವರಿಗೆ ಇದು ವಿಚಿತ್ರ ಅನ್ನಿಸುವುದಿಲ್ಲ.

ದಿಗಂತ ಆದ ಮೇಲೆ ಟೋನ್, ಅಂದರೆ ಬಣ್ಣ ಎಷ್ಟು ಗಾಢ, ಎಷ್ಟು ತಿಳಿ ಅನ್ನುವುದು. ನಾನು ಕಪ್ಪಿನಿಂದ ಬಿಳಿಯವರೆಗೆ ಒಂಬತ್ತು ಮೆಟ್ಟಿಲು ಅಂತ ಇಟ್ಟುಕೊಂಡು, ಚಿತ್ರದ ಹೆಚ್ಚಿನ ಭಾಗವನ್ನು ನಡುವಿನ ನಾಲ್ಕು ಮೆಟ್ಟಿಲುಗಳ ಒಳಗೇ ಇಡುತ್ತೇನೆ. ತೀರಾ ಗಾಢವಾದ ಜಾಗ ಒಂದೇ ಒಂದು. ತೀರಾ ಬೆಳಕಿನ ಜಾಗವೂ ಒಂದೇ. ಇಂಗ್ಲೆಂಡಿನ ಕಲಾವಿದ ಟರ್ನರ್, ತೀರಿಕೊಂಡ ತನ್ನ ಗೆಳೆಯ ಡೇವಿಡ್ ವಿಲ್ಕಿಗಾಗಿ 1842ರಲ್ಲಿ ಬರೆದ ಸಮುದ್ರದ ಮೇಲಿನ ಅಂತ್ಯಸಂಸ್ಕಾರದ ಚಿತ್ರದಲ್ಲಿ ಹಡಗಿನ ಹಾಯಿಗಳು ಕಡುಕಪ್ಪು. ಅಷ್ಟು ಕಪ್ಪು ಯಾಕೆ ಅಂತ ಆಕ್ಷೇಪ ಬಂದಾಗ, ಇದಕ್ಕಿಂತ ಕಪ್ಪಾದ ಬಣ್ಣ ಸಿಕ್ಕಿದ್ದರೆ ಅದನ್ನೇ ಹಾಕುತ್ತಿದ್ದೆ ಅನ್ನುವ ಅರ್ಥದಲ್ಲಿ ಅವನು ಉತ್ತರ ಕೊಟ್ಟ. ಕಪ್ಪು ಒಂದೇ ಕಡೆ ಸೇರಿದಾಗ ಮಾತ್ರ ಅಷ್ಟು ಬಲ ಬರುತ್ತದೆ. ಇಡೀ ಚಿತ್ರವನ್ನು ಕಪ್ಪು ಮಾಡಿದರೆ ಅದು ಬರೀ ರಾತ್ರಿ. ಅಮ್ಮನ ಚಿತ್ರದಲ್ಲಿ ಕಪ್ಪು ಇರುವುದು ಮರದ ಬುಡದ ಒಂದು ಪಕ್ಕದಲ್ಲಿ ಮಾತ್ರ.

ಬಣ್ಣಗಳ ಬಗ್ಗೆ ಹೆಚ್ಚು ಹೇಳುವುದಿಲ್ಲ. ರಾ ಅಂಬರ್ (ಕಂದು), ಯೆಲ್ಲೋ ಓಕರ್ (ಮಣ್ಣಿನ ಹಳದಿ), ಬರ್ನ್ಟ್ ಸಿಯೆನ್ನಾ (ಕೆಂಗಂದು), ಅಲ್ಟ್ರಮರೀನ್ (ಗಾಢ ನೀಲಿ), ಟೈಟೇನಿಯಂ ವೈಟ್ (ಬಿಳಿ). ಬೂದು ಬೇಕಾದಾಗ ಅಂಬರ್ ಮತ್ತು ಅಲ್ಟ್ರಮರೀನ್ ಬೆರೆಸುತ್ತೇನೆ. ಟೈಟೇನಿಯಂ ವೈಟ್ ತಣ್ಣಗಿನ ಬಣ್ಣ, ಬಲವೂ ಜಾಸ್ತಿ, ಅದಕ್ಕೆ ಚಿಟಿಕೆ ಓಕರ್ ಸೇರಿಸದೆ ಬಳಸುವುದಿಲ್ಲ. ಐವರಿ ಬ್ಲ್ಯಾಕ್ ಅನ್ನುವ ಕಪ್ಪನ್ನು ಅಡಿಪದರದಲ್ಲಿ ಇಡಬೇಡಿ. ಅದು ಬಹಳ ನಿಧಾನ ಒಣಗುತ್ತದೆ. ಮೇಲಿನ ಪದರ ಮೊದಲು ಒಣಗಿ, ಆಮೇಲೆ ಬಿರುಕು ಬಿಡುತ್ತದೆ. ಅಂಬರ್‌ನಲ್ಲಿ ಮ್ಯಾಂಗನೀಸ್ ಇರುವುದರಿಂದ ಅದು ಬೇಗ ಒಣಗುತ್ತದೆ, ಅಡಿಪದರಕ್ಕೆ ಒಳ್ಳೆಯದು. ಕ್ಯಾನ್ವಾಸಿಗೆ ಮೊದಲೇ ಓಕರ್ ಮತ್ತು ಸಿಯೆನ್ನಾದ ವಾಶ್, ಅಂದರೆ ತೆಳುಮಾಡಿದ ಬಣ್ಣದ ಪದರ, ಕೊಟ್ಟಿರುತ್ತೇನೆ. ಕೆರೆದಾಗ ಕೆಳಗಿನಿಂದ ಬಿಳಿ ಕಾಣಬಾರದು, ಮಣ್ಣಿನ ಬಣ್ಣ ಕಾಣಬೇಕು.

ಕೆರೆಯುವ ಕೆಲಸಕ್ಕೆ ಸಮಯ ನೋಡಿಕೊಳ್ಳಬೇಕು. ಬಣ್ಣ ಹಸಿಯಾಗಿದ್ದರೆ ಅಲ್ಲೆಲ್ಲ ಮೆತ್ತಿಕೊಳ್ಳುತ್ತದೆ. ಪೂರ್ತಿ ಒಣಗಿದ್ದರೆ ಚಾಕು ಜಾರುತ್ತದೆ. ಮೇಲೆ ಕೆನೆ ಕಟ್ಟಿ ಒಳಗೆ ಇನ್ನೂ ಮೆತ್ತಗಿರುವ ಒಂದು ಹಂತ ಇದೆ. ಬೆರಳು ಇಟ್ಟರೆ ಅಂಟುವುದಿಲ್ಲ, ಒತ್ತಿದರೆ ತಗ್ಗುತ್ತದೆ. ಆಗ ಪ್ಯಾಲೆಟ್ ನೈಫನ್ನು ಮಲಗಿಸಿ ಹಿಡಿದು ಆಕೃತಿಯ ಒಳಗಿನಿಂದ ಅಂಚಿನ ಕಡೆಗೆ ಕೆರೆಯುತ್ತೇನೆ. ಅಂಚಿನಿಂದ ಒಳಕ್ಕೆ ಕೆರೆದರೆ ಸುತ್ತಲಿನ ಹುಲ್ಲು ಕಿತ್ತು ಬರುತ್ತದೆ. ಆಮೇಲೆ ಟರ್ಪೆಂಟೈನ್ ಸ್ವಲ್ಪ ತಾಗಿಸಿದ ಬಟ್ಟೆಯಿಂದ ಒಂದೇ ಸಲ ಒರೆಸುತ್ತೇನೆ. ಎರಡನೇ ಸಲ ಒರೆಸುವುದಿಲ್ಲ. ನೇಯ್ಗೆಯ ಸಂದಿಗಳಲ್ಲಿ ಒಂದಿಷ್ಟು ಬಣ್ಣ ಉಳಿಯುತ್ತದೆ. ಅದು ಉಳಿಯಲೇಬೇಕು. ಇದಕ್ಕಾಗಿಯೇ ನಾನು ಸ್ವಲ್ಪ ಒರಟು ನೇಯ್ಗೆಯ ಲಿನನ್ ಬಳಸುತ್ತೇನೆ. ನುಣುಪಾದ ಹಲಗೆಯ ಮೇಲೆ ಏನೂ ನಿಲ್ಲುವುದಿಲ್ಲ.

ಕೆರೆದ ಜಾಗದ ಮೇಲೆ ಸುತ್ತಲಿನಂತೆ ಹುಲ್ಲು ಬರೆದು ಮುಚ್ಚುವುದಿಲ್ಲ. ಸುತ್ತಲಿನ ಬಣ್ಣವನ್ನು ಒಣ ಬ್ರಷ್‌ನಲ್ಲಿ ತೆಗೆದುಕೊಂಡು ತೀರಾ ತೆಳುವಾಗಿ ಒಂದು ಸಲ ಎಳೆಯುತ್ತೇನೆ. ಅಷ್ಟರಿಂದ ಆಕಾರ ಹೋಗುತ್ತದೆ. ಆದರೆ ಆ ಜಾಗ ಉಳಿದ ನೆಲಕ್ಕಿಂತ ತೆಳುವಾಗಿರುತ್ತದೆ. ಪಕ್ಕದಿಂದ ಬೆಳಕು ಬಿದ್ದಾಗ ಅಲ್ಲಿ ಬ್ರಷ್‌ನ ಉಬ್ಬುಗಳು ಇಲ್ಲದಿರುವುದು ಕಾಣುತ್ತದೆ.

ನೆರಳಿನ ಪ್ರಶ್ನೆ ಬರುತ್ತದೆ. ಮನುಷ್ಯನನ್ನು ತೆಗೆದು ನೆರಳನ್ನು ಮಾತ್ರ ಉಳಿಸಿದರೆ ಹೇಗೆ? ಕೆಲವು ವಿದ್ಯಾರ್ಥಿಗಳು ಇದನ್ನೇ ಕೇಳುತ್ತಾರೆ. ಬೇಡ ಅನ್ನುತ್ತೇನೆ. ಅದು ನಾಟಕದ ತಂತ್ರ ಆಗುತ್ತದೆ. ನೋಡುವವರು ಅದರ ಜಾಣ್ಮೆಯನ್ನು ಮೆಚ್ಚುತ್ತಾರೆ, ಮುಂದೆ ಹೋಗುತ್ತಾರೆ. ನಾನು ನೆರಳನ್ನೂ ತೆಗೆಯುತ್ತೇನೆ. ಕಾಲುದಾರಿಯನ್ನು ಮಾತ್ರ ತೆಗೆಯುವುದಿಲ್ಲ. ನಡೆದು ನಡೆದು ಸವೆದ ಹುಲ್ಲು, ಯಾಕೆ ಅಲ್ಲಿಗೇ ಬಂದು ನಿಂತಿತು ಅಂತ ಗೊತ್ತಾಗದ ದಾರಿ, ಅಷ್ಟು ಸಾಕು. ಹೋದವರು ನಿಜವಾಗಿಯೂ ಬಿಟ್ಟುಹೋಗುವುದು ಅಂಥದ್ದನ್ನೇ.

ಚೀನಾದ ನಿ ಝಾನ್ ಆರೂವರೆ ಶತಮಾನದ ಹಿಂದೆಯೇ ಇಂಥದ್ದನ್ನು ಇನ್ನೂ ಕಡಿಮೆ ಸಾಮಾನಿನಲ್ಲಿ ಮಾಡಿದ್ದ. 1372ರಲ್ಲಿ ಅವನು ಬರೆದ ‘ರೋಂಗ್‌ಶಿ ಸ್ಟುಡಿಯೋ’ ಈಗ ತೈಪೆಯ ಅರಮನೆ ವಸ್ತುಸಂಗ್ರಹಾಲಯದಲ್ಲಿದೆ. ಮುಂದೆ ಕೆಲವು ಸಣಕಲು ಮರಗಳು, ಒಂದು ಖಾಲಿ ಮಂಟಪ. ನಡುವೆ ನೀರು ಇರಬೇಕಾದಲ್ಲಿ ಬರೀ ಕಾಗದ. ಆಚೆ ಗುಡ್ಡ. ಒಣ ಕುಂಚ, ತೆಳು ಮಸಿ. ಮನುಷ್ಯರು ಒಬ್ಬರೂ ಇಲ್ಲ. ಮಂಟಪ ಇದೆ ಅಂದ ಮೇಲೆ ಅಲ್ಲಿ ಕೂರುವವರು ಒಬ್ಬರು ಇರಬೇಕು, ಆದರೆ ಇಲ್ಲ. 1374ರಲ್ಲಿ, ತಾನು ಸತ್ತ ವರ್ಷ, ಅವನು ಅದೇ ಚಿತ್ರದ ಮೇಲೆ ಮತ್ತೆ ಬರಹ ಸೇರಿಸಿದ. ಆ ನಡುವಿನ ಖಾಲಿ ಕಾಗದದ ಮೇಲೆ ಏನೂ ಮಾಡದೆ ಬಿಡಲು ಎಷ್ಟು ಗಟ್ಟಿ ಮನಸ್ಸು ಬೇಕು ಅನ್ನುವುದು ಬ್ರಷ್ ಹಿಡಿದವರಿಗೇ ಗೊತ್ತು.

ಅಮ್ಮನ ಚಿತ್ರದಲ್ಲಿ ಅಮ್ಮ ಇನ್ನೂ ಇದ್ದಾಗ ಅಣ್ಣ ಬಂದು ನೋಡಿದ್ದ. ಬಹಳ ಹೊತ್ತು ನೋಡಿದ. ಮತ್ತೆ ಬಂದಾಗ ಅವಳು ಇರಲಿಲ್ಲ.

“ಅಮ್ಮನ್ನ ಯಾಕೋ ತೆಗೆದೆ?” ಅಂತ ಕೇಳಿದ. ಅವನ ದನಿಯಲ್ಲಿ ಸಿಟ್ಟಿತ್ತು.

ನಾನು ಹೇಳಿದ್ದು ಅವನಿಗೆ ಒಪ್ಪಿಗೆ ಆಗಲಿಲ್ಲ. “ನಿನಗೆ ಚಿತ್ರ ದೊಡ್ಡದು,” ಅಂದ. ದೊಡ್ಡ ಚಿತ್ರಕ್ಕೆ ಮೊದಲು ಮಾಡಿಕೊಂಡಿದ್ದ ಚಿಕ್ಕ ಎಣ್ಣೆಬಣ್ಣದ ಸ್ಕೆಚ್‌ನಲ್ಲಿ ಅಮ್ಮ ಕೂತಿದ್ದಳು. ಅದನ್ನು ತೆಗೆದುಕೊಂಡು ಹೋದ. ಈಗ ಅವನ ಮನೆಯಲ್ಲಿದೆ. ಅವನ ದುಃಖಕ್ಕೆ ಆ ಸ್ಕೆಚ್ ಬೇಕಿತ್ತು, ನನ್ನದಕ್ಕೆ ಬೇಕಾದದ್ದು ಇದು. ಈ ಕೆಲಸ ಮಾಡುವವರು ಇಂಥ ಮಾತು ಕೇಳಲು ಸಿದ್ಧರಿರಬೇಕು. ಮನೆಯವರು ನೋಡುವುದು ತಮ್ಮವರನ್ನು. ಕ್ಯಾನ್ವಾಸಿನ ಜೋಡಣೆ ಅವರಿಗೆ ಮುಖ್ಯ ಅಲ್ಲ, ಆಗಬೇಕಾಗಿಯೂ ಇಲ್ಲ.

ಇನ್ನು ಒಬ್ಬರೇ ಕೂರುವ ವಿಷಯ. ಬಯಲಿಗೆ ನಾನು ಯಾರನ್ನೂ ಕರೆದುಕೊಂಡು ಹೋಗುವುದಿಲ್ಲ. ಜೊತೆಗೆ ಒಬ್ಬರಿದ್ದರೆ ಜಾಗ ‘ನೋಟ’ ಆಗಿಬಿಡುತ್ತದೆ. ಚೆನ್ನಾಗಿದೆ ಅಲ್ವಾ ಅಂತ ಒಬ್ಬರಿಗೊಬ್ಬರು ಹೇಳಿಕೊಳ್ಳುತ್ತೇವೆ. ಒಬ್ಬನೇ ಹೋದರೂ ಮೊದಲು ಸ್ವಲ್ಪ ಹೊತ್ತು ಹಾಗೇ ಇರುತ್ತದೆ. ಅದಕ್ಕೇ ಹೋದ ಕೂಡಲೇ ಬರೆಯುವುದಿಲ್ಲ. ಸುಮ್ಮನೆ ಕೂರುತ್ತೇನೆ. ಚಂದ ಕಾಣುವುದು ಮುಗಿಯುವವರೆಗೆ, ಬೇಸರ ಬಂದು ಅದೂ ಹೋಗುವವರೆಗೆ. ಆಮೇಲೆ ಒಂದು ಹೊತ್ತು ಬರುತ್ತದೆ. ಗುಡ್ಡಕ್ಕೆ ನಾನು ಇರುವುದು ಗೊತ್ತಿಲ್ಲ, ನಾನು ಎದ್ದು ಹೋದರೂ ಗೊತ್ತಾಗುವುದಿಲ್ಲ ಅನ್ನುವುದು ಮನಸ್ಸಿಗೆ ಸ್ಪಷ್ಟವಾಗಿ ಬರುತ್ತದೆ. ಕೇಳಲು ಇದು ಕಠೋರ ಅನ್ನಿಸಬಹುದು. ಕೂತವನಿಗೆ ಹಾಗಾಗುವುದಿಲ್ಲ. ಭುಜಗಳು ಸಡಿಲ ಆಗುತ್ತವೆ. ನನ್ನಿಂದ ಏನೂ ನಿರೀಕ್ಷೆ ಇಲ್ಲದ ಒಂದು ಜಾಗದಲ್ಲಿ ಕೂತಿದ್ದೇನೆ ಅನ್ನಿಸುತ್ತದೆ. ಬರೆಯಲು ಶುರು ಮಾಡುವುದು ಆಗ.

ಫೋಟೋ ತೆಗೆಯುವುದಿಲ್ಲ. ಫೋಟೋ ಇದ್ದರೆ ಮನೆಗೆ ಬಂದು ನೋಡಿದರಾಯಿತು ಅಂತ ಕಣ್ಣು ಸೋಮಾರಿಯಾಗುತ್ತದೆ. ಪೆನ್ಸಿಲ್‌ನಲ್ಲಿ ಗೆರೆ ಹಾಕಿ, ಪ್ರತಿ ಭಾಗದ ಮೇಲೆ ಟೋನ್‌ನ ಅಂಕಿ ಬರೆದುಕೊಳ್ಳುತ್ತೇನೆ. ಬೆಳಕು ಯಾವ ಕಡೆಯಿಂದ, ಗಾಳಿ ಇತ್ತೇ, ನೆಲ ಒದ್ದೆಯೇ ಅಂತ ಪಕ್ಕದಲ್ಲಿ ಒಂದೆರಡು ಮಾತು. ಈ ಸ್ಕೆಚ್‌ಬುಕ್‌ಗಳನ್ನು ಎಸೆಯಬಾರದು. ಇಂಗ್ಲೆಂಡಿನ ಜಾನ್ ಕಾನ್‌ಸ್ಟೇಬಲ್ 1814ರಲ್ಲಿ ಹ್ಯಾಡ್ಲಿ ಕೋಟೆಯ ಪಾಳನ್ನು ಪೆನ್ಸಿಲ್‌ನಲ್ಲಿ ಚಿಕ್ಕದಾಗಿ ಬರೆದುಕೊಂಡಿದ್ದ. ಅದಕ್ಕೆ ಎರಡು ವರ್ಷದ ಮೇಲೆ ಮರಾಯಾಳನ್ನು ಮದುವೆಯಾದ. 1828ರ ನವೆಂಬರಿನಲ್ಲಿ ಅವಳು ತೀರಿಕೊಂಡಳು. ಆಗ ಆ ಹಳೆಯ ಸ್ಕೆಚ್ ತೆಗೆದು ದೊಡ್ಡ ಚಿತ್ರ ಮಾಡಿದ, 1829ರಲ್ಲಿ ಪ್ರದರ್ಶನಕ್ಕಿಟ್ಟ. ಸ್ಕೆಚ್ ಮಾಡುವಾಗ ಅವನಿಗೆ ಅದು ಯಾವುದಕ್ಕೆ ಬೇಕಾಗುತ್ತದೆ ಅಂತ ಗೊತ್ತಿರಲು ಸಾಧ್ಯವೇ ಇಲ್ಲ. ಇದನ್ನು ಓದಿದ ಮೇಲೆ ನಾನು ನನ್ನ ಹಳೆಯ ಪುಸ್ತಕಗಳನ್ನೆಲ್ಲ ಒಂದು ಪೆಟ್ಟಿಗೆಗೆ ಹಾಕಿ, ಜಾಗ ಮತ್ತು ಕಾಲ ಬರೆದು ಇಟ್ಟಿದ್ದೇನೆ.

ಕೋಟೆ, ಸಮಾಧಿ ಇವುಗಳಿಂದ ದೂರ ಇರುತ್ತೇನೆ ಅಂದೆ. ಆದರೆ ಹಾಲೆಂಡಿನ ಯಾಕೋಬ್ ಫಾನ್ ರೌಸ್ಡಾಲ್‌ನ ‘ಯಹೂದಿ ಸ್ಮಶಾನ’ವನ್ನು ಬಿಟ್ಟುಹೋಗಲು ಮನಸ್ಸಿಲ್ಲ. 1650ರ ದಶಕದ ಮಧ್ಯದ ಕೆಲಸ, ಎರಡು ಚಿತ್ರಗಳಿವೆ, ಒಂದು ಡ್ರೆಸ್ಡೆನ್‌ನಲ್ಲಿ, ಇನ್ನೊಂದು ಡೆಟ್ರಾಯಿಟ್‌ನಲ್ಲಿ. ಸಮಾಧಿಗಳು ನಿಜವಾದವು, ಆಮ್‌ಸ್ಟರ್‌ಡ್ಯಾಮ್ ಹತ್ತಿರದ ಸ್ಮಶಾನದಲ್ಲಿ ಈಗಲೂ ಇವೆ. ಸುತ್ತಲಿನ ಪಾಳು ಕಟ್ಟಡ, ಹರಿಯುವ ತೊರೆ, ಸತ್ತ ಮರ ಎಲ್ಲ ಅವನು ಸೇರಿಸಿದ್ದು. ಗುರುತುಗಳನ್ನು ಇಷ್ಟೊಂದು ತುಂಬಿಯೂ ಚಿತ್ರ ಗಟ್ಟಿಯಾಗಿ ನಿಂತಿದೆ. ಕಾರಣ, ನನ್ನ ಪ್ರಕಾರ, ಆ ಕಲ್ಲುಗಳನ್ನು ಅವನು ಎದುರಿಗೆ ಕೂತು ಬರೆದುಕೊಂಡಿದ್ದ. ಅವುಗಳ ತೂಕ ನಿಜವಾದ ತೂಕ. ಸಂಕೇತಗಳನ್ನು ಬಳಸಲೇಬೇಕು ಅನ್ನುವವರು ಅದನ್ನೊಂದು ಸಲ ನೋಡಬೇಕು. ಕಣ್ಣಾರೆ ಕಂಡ ಕಲ್ಲೊಂದು ಇದ್ದರೆ ಕಲ್ಪನೆಯ ಮರವನ್ನೂ ಅದು ಹೊತ್ತುಕೊಳ್ಳುತ್ತದೆ.

ಕೊನೆಯದಾಗಿ ಚಿತ್ರದ ಆಯುಸ್ಸು. ಎಣ್ಣೆಬಣ್ಣದ ಪದರ ವಯಸ್ಸಾದಂತೆ ಪಾರದರ್ಶಕ ಆಗುತ್ತ ಹೋಗುತ್ತದೆ. ಹಳೆಯ ಕಲಾವಿದರು ಮೇಲೆ ಬಣ್ಣ ಬಳಿದು ಮುಚ್ಚಿದ್ದ ಕೈಕಾಲುಗಳು, ಟೋಪಿಗಳು ಕಾಲ ಕಳೆದ ಮೇಲೆ ಮಸುಕಾಗಿ ಎದ್ದು ಬಂದದ್ದುಂಟು. ನಾನು ಮುಚ್ಚದೆ ಕೆರೆಯುವುದಕ್ಕೆ ಇದೂ ಒಂದು ಕಾರಣ. ಅಮ್ಮ ನೂರು ವರ್ಷದ ನಂತರ ಆ ಹುಲ್ಲಿನಿಂದ ದೆವ್ವದಂತೆ ಮೇಲೆದ್ದು ಬರುವುದು ನನಗೆ ಬೇಡ. ಬಾಳಿಕೆ ಬರದ ಬಣ್ಣಗಳನ್ನೂ ಬಳಸುವುದಿಲ್ಲ. ವ್ಯಾನ್ ಗೋ ಬಳಸಿದ ಕೆಲವು ಕೆಂಪು ಬಣ್ಣಗಳು ಬೆಳಕಿಗೆ ಮಾಸಿ, ಆ ಚಿತ್ರಗಳ ಗುಲಾಬಿ ಛಾಯೆಗಳು ಇಂದು ಅವನು ಇಟ್ಟಂತೆ ಇಲ್ಲ. ಮಣ್ಣಿನ ಬಣ್ಣಗಳಿಗೆ ಆ ಭಯ ಇಲ್ಲ.

ಚಿತ್ರ ಮುಗಿದ ಮೇಲೆ ಕ್ಯಾನ್ವಾಸಿನ ಹಿಂದೆ, ಮರದ ಚೌಕಟ್ಟಿನ ಮೇಲೆ ಪೆನ್ಸಿಲ್‌ನಲ್ಲಿ ಎಲ್ಲ ಬರೆದಿಡುತ್ತೇನೆ. ಅಡಿಯ ವಾಶ್ ಯಾವುದು, ಯಾವ ಎಣ್ಣೆ, ಎಲ್ಲಿ ಕೆರೆದಿದೆ, ಅಲ್ಲಿ ಯಾರಿದ್ದರು. ಮುಂದೆ ಯಾರಾದರೂ ಅದನ್ನು ದುರಸ್ತಿ ಮಾಡುವಾಗ ಆ ತೆಳುವಾದ ಜಾಗವನ್ನು ಬಣ್ಣ ಉದುರಿದ್ದು ಅಂತ ತಿಳಿದು ತುಂಬಿಬಿಡಬಾರದು. ವಾರ್ನಿಶ್‌ಗೆ ಕನಿಷ್ಠ ಆರು ತಿಂಗಳು ಕಾಯುತ್ತೇನೆ, ಬಣ್ಣ ದಪ್ಪ ಇದ್ದರೆ ಒಂದು ವರ್ಷ. ಮತ್ತೆ ಕರಗಿಸಿ ತೆಗೆಯಬಹುದಾದ ವಾರ್ನಿಶ್ ಮಾತ್ರ ಹಾಕುತ್ತೇನೆ, ಅದೂ ಮ್ಯಾಟ್. ಹೊಳೆಯುವ ವಾರ್ನಿಶ್ ಹಾಕಿದರೆ ಕೆರೆದ ಜಾಗ ಮತ್ತು ಸುತ್ತಲಿನ ನೆಲ ಎರಡೂ ಒಂದೇ ಥರ ಮಿಂಚಿ, ಮಾಡಿದ ಕೆಲಸವೆಲ್ಲ ಆ ಮಿಂಚಿನ ಕೆಳಗೆ ಹೋಗಿಬಿಡುತ್ತದೆ.